ಟ್ರೆಕ್ಕಿಂಗ್ ಬೂಟಿಗೆ ಯಾವ ಇನ್ಸೋಲ್ ಚಲೋ? ಜೆಲ್, ಫೋಮ್, ಗಟ್ಟಿ ಆರ್ಚ್, ಎಂಸಿಆರ್ ರಬ್ಬರ್ ಎಲ್ಲಾ ಹಾಕಿ ನಡದ ಮ್ಯಾಲೆ ಬರದದ್ದು

ಖರೀದಿ ಮಾಡೋಕಿಂತ ಮೊದಲ ಒಂದು ಕೆಲಸ ಮಾಡ್ರಿ. ಬೂಟಿನೊಳಗ ಕೈ ಹಾಕಿ ಇನ್ಸೋಲ್ ಹೊರಗ ಎಳೀರಿ, ಟೇಬಲ್ ಮ್ಯಾಲೆ ಇಟ್ಟು ಹಿಂಬಡ ಕೂಡೋ ಜಾಗಕ್ಕ ಹೆಬ್ಬೆಟ್ಟಿನಿಂದ ಒತ್ತಿ ನೋಡ್ರಿ. ನಂದು ಒತ್ತಿದಾಗ ಕೆಳಗಿನ ಕಟಿಗಿ ಸೀದಾ ಬೆರಳಿಗೆ ಹತ್ತಿತು. ಅಂಚಿನಾಗ 4 ಮಿಲಿಮೀಟರ್ ದಪ್ಪ ಇದ್ದ ಫೋಮು ಹಿಂಬಡದ ಕೆಳಗ ಒಂದೂವರಿ ಆಗಿತ್ತು, ಹೆಬ್ಬೆರಳಿನ ಕೆಳಗ ಒಂದು ಕಪ್ಪು ಗುಳಿ, ಮ್ಯಾಲಿನ ಬಟ್ಟಿ ಹರದು ಎಳಿ ಎದ್ದಿದ್ವು. ಬೂಟಿಗೆ ಕೊಟ್ಟದ್ದು ಆರು ಸಾವಿರ ಚಿಲ್ಲರ, ಹೊರಗಿನ ಸೋಲ್ ಇನ್ನೂ ಹೊಸದರಂಗ ಐತಿ, ಹಲ್ಲು ಸವದಿಲ್ಲ, ಆದ್ರ ಕಾಲು ಖರೇನ ಕೂಡೋ ಆ ತುಂಡು ಹದಿನೈದು ತಿಂಗಳಿಗೆ ಸತ್ತು ಹೋಗಿತ್ತು.

ಇದು ಯಾವುದೋ ಒಂದು ಕಂಪನಿ ಕಥಿ ಅಲ್ಲ. ಹೆಚ್ಚಿನ ಬೂಟಿನಾಗ ಬರೋದು ಈವಿಎ ಅನ್ನೋ ಫೋಮಿನ ಚಪ್ಪಟಿ ತುಂಡು, ಅದರೊಳಗ ಸಣ್ಣ ಸಣ್ಣ ಗಾಳಿ ಗುಳ್ಳಿ ಇರ್ತಾವು, ನಡದಂಗ ನಡದಂಗ ಒತ್ತಿ ಒತ್ತಿ ಆ ಗುಳ್ಳಿ ಕುಸದು ಹೋಗ್ತಾವು, ಮತ್ತ ಮ್ಯಾಲೆ ಏಳಂಗಿಲ್ಲ. ಎಲ್ಲಾರ ಕಾಲೂ ಬ್ಯಾರೆ ಬ್ಯಾರೆ ಇರೋದ್ರಿಂದ ಅವರು ಯಾರಿಗೂ ಚುಚ್ಚದಂಥ, ಹಂಗ ಯಾರಿಗೂ ಪೂರಾ ಹೊಂದದಂಥ ಒಂದು ತುಂಡು ಹಾಕಿ ಕೊಡ್ತಾರ. ಕಾಲು ನೋಯಲಿಲ್ಲ ಅಂದ್ರ ಅದರ ಮ್ಯಾಲೆನ ನಡೀರಿ, ಯಾರೋ ಹೇಳಿದ್ರು ಅಂತ ಬದಲಿ ಮಾಡ್ಬ್ಯಾಡ್ರಿ. ನೋಯಾಕತ್ತಿದ್ರ ಮುಂದ ಓದ್ರಿ.

ನಮ್ಮದು ಬೆಳಗಾವಿ, ಟಿಳಕವಾಡಿ. ದಿನಾ ಐದಾರು ತಾಸು ನಿಂತು ಪಾಠ ಹೇಳೋ ನೌಕರಿ, ರವಿವಾರ ಬಂತಂದ್ರ ನಾಕೈದು ಮಂದಿ ಕೂಡಿ ಒಮ್ಮೆ ಯಳ್ಳೂರ ರಾಜಹಂಸಗಡ, ಒಮ್ಮೆ ಜಾಂಬೋಟಿ ಖಾನಾಪುರ ಕಡೆ, ಚಳಿಗಾಲದಾಗ ಬಾದಾಮಿ. ಒಂದು ಸಲ ಜಾಂಬೋಟಿ ಕಡೆ ಇಡೀ ದಿನ ನಡದು ಬಂದ ಮರುದಿನ ಮುಂಜಾನೆ ಹಾಸಿಗಿ ಬಿಟ್ಟು ಕಾಲು ನೆಲಕ್ಕ ಇಟ್ಟೆ, ಹಿಂಬಡದಾಗ ಮೊಳಿ ಹೊಡದಂಗ ಆತು. ಗೋಡಿ ಹಿಡದು ಹತ್ತು ಹೆಜ್ಜಿ ನಡದೆ, ಚಹಾ ಆಗೋದ್ರೊಳಗ ಕಡಿಮಿ ಆತು, ಹಿಂಗಾಗಿ ಎರಡು ತಿಂಗಳು ಅದನ್ನ ಲೆಕ್ಕಕ್ಕ ಹಿಡೀಲಿಲ್ಲ. ಆ ಎರಡು ತಿಂಗಳಾಗ ಮೂರು ಥರದ ಇನ್ಸೋಲ್ ತಗೊಂಡೆ, ಮೂರೂ ಮೆತ್ತಗಿನವು, ಒಂದಕ್ಕಿಂತ ಒಂದು ಮೆತ್ತಗ. ನೋವು ಹೆಚ್ಚಾತ ಹೊರತು ಕಡಿಮಿ ಆಗಲಿಲ್ಲ. ನಮ್ಮ ಪ್ಯಾಟ್ಯಾಗ ಯಾರ ಕಡೆ ಹೋಗಿ ಕಾಲು ನೋಯ್ತೈತಿ ಅಂದ್ರೂ ಮೆತ್ತಗಿಂದನ ತಗದು ಕೈಯಾಗ ಕೊಡ್ತಾರ, ಒತ್ತಿ ನೋಡ್ರಿ ಹೆಂಗೈತಿ ಅಂತಾರ, ಕೈಗೆ ಭಾಳ ಹಿತ ಅನಸ್ತೈತಿ. ಕೈ ಬ್ಯಾರೆ, ಮೈಭಾರ ಹೊತ್ತು ಇಳಿಜಾರು ಇಳಿಯೋ ಕಾಲು ಬ್ಯಾರೆ. ಮೆತ್ತಗ ಇರೋದು ಒಂದು ಗುಣ, ಹಿಡದು ನಿಲ್ಲಸೋದು ಇನ್ನೊಂದು ಗುಣ, ನಿಮಗ ಯಾವುದು ಬೇಕು ಅನ್ನೋದನ್ನ ನೋವು ಇರೋ ಜಾಗ ಹೇಳ್ತೈತಿ, ಅಂಗಡಿಯಾಂವ ಅಲ್ಲ.

ಎಲ್ಲಿ ನೋಯ್ತೈತಿ ಅನ್ನೋದು ಮೊದಲ

ಮುಂಜಾನೆ ಮೊದಲ ಹೆಜ್ಜಿಗೆ ಹಿಂಬಡದ ಕೆಳಗ, ಸ್ವಲ್ಪ ಒಳಮೈ ಕಡೆ, ಚುಚ್ಚಿದಂಗ ಆಗಿ ಸ್ವಲ್ಪ ನಡದ ಮ್ಯಾಲೆ ಸಡ್ಲ ಬಿಟ್ಟು, ಭಾಳ ಹೊತ್ತು ಕುಂತು ಎದ್ದಾಗ ಮತ್ತ ಬರ್ತೈತಿ ಅಂದ್ರ ಅದು ಹೆಚ್ಚಾಗಿ ಪ್ಲಾಂಟರ್ ಫೇಶಿಯಾ ಅನ್ನೋ ಪಟ್ಟಿದು. ಹಿಂಬಡದ ಎಲುಬಿನಿಂದ ಬೆರಳಿನ ಬುಡದ ತನಕ ಅಂಗಾಲಿನ ಕೆಳಗ ಈ ದಪ್ಪ ಪಟ್ಟಿ ಹಾದು ಹೋಗೈತಿ, ಬಿಲ್ಲಿಗೆ ಹೆದಿ ಬಿಗದಂಗ. ಪಾದದ ಕಮಾನು ಬಿಲ್ಲು, ಈ ಪಟ್ಟಿ ಹೆದಿ. ಭಾರ ಬಿದ್ದಾಗೆಲ್ಲಾ ಬಿಲ್ಲು ಸ್ವಲ್ಪ ಚಪ್ಪಟಿ ಆಗ್ತೈತಿ, ಹೆದಿ ಎಳೀತೈತಿ, ಎಳೆಯೋ ಜೋರೆಲ್ಲಾ ಹೆದಿ ಕಟ್ಟಿದ ತುದಿಗೆ, ಅಂದ್ರ ಹಿಂಬಡದ ಎಲುಬಿಗೆ ಬೀಳ್ತೈತಿ. ಇಡೀ ದಿನ ನಡದು, ಬೆನ್ನ ಮ್ಯಾಲೆ ಎಂಟು ಹತ್ತು ಕಿಲೋ ಬ್ಯಾಗ್ ಹೊತ್ತು, ಕಲ್ಲಿನ ಮ್ಯಾಲೆ ಸಾವಿರ ಸಲ ಹಿಂಗ ಆದ್ರ ಆ ತುದಿ ಕೆರಳ್ತೈತಿ. ಈಗ ನೀವ ವಿಚಾರ ಮಾಡ್ರಿ, ಇಂಥ ಕಾಲಿನ ಕೆಳಗ ಮೆತ್ತಗಿನ ಜೆಲ್ ಇಟ್ರ ಏನಾಗ್ತೈತಿ? ಕಾಲು ಅದರೊಳಗ ಇಳೀತೈತಿ, ಕಮಾನು ಇನ್ನಷ್ಟು ಕುಸೀತೈತಿ, ಹೆದಿ ಇನ್ನಷ್ಟು ಎಳೀತೈತಿ. ನನಗ ಆಗಿದ್ದು ಇದ. ಇಲ್ಲಿ ಬೇಕಾಗಿದ್ದು ಗಟ್ಟಿ ಆಸರ, ಕಮಾನು ಇಳಿಯೋದನ್ನ ಒಂದು ಮಟ್ಟಕ್ಕ ತಡಿಯೋ ಆಸರ, ಮತ್ತ ಹಿಂಬಡ ಅತ್ತಿತ್ತ ಹೊರಳದಂಗ ಹಿಡಿಯೋ ಆಳವಾದ ಬಟ್ಟಲು.

ಆದ್ರ ಹಿಂಬಡದ ನಟ್ಟನಡುವ, ಹೊಡತ ತಿಂದಂಗ ನೋಯ್ತೈತಿ, ನಡದಷ್ಟೂ ಹೆಚ್ಚಾಗ್ತೈತಿ, ಮುಂಜಾನೆದ್ದು ಅಂಥ ವಿಶೇಷ ಏನಿಲ್ಲ ಅಂದ್ರ ಅದು ಬ್ಯಾರೆ ಮಾತು. ಹಿಂಬಡದ ಎಲುಬಿನ ಕೆಳಗ ಕೊಬ್ಬಿನ ಒಂದು ಗಾದಿ ಇರ್ತೈತಿ, ವಯಸ್ಸಾದಂಗ ಅದು ತೆಳ್ಳಗ ಆಗ್ತೈತಿ. ಐವತ್ತು ದಾಟಿದವರಿಗೆ, ಕಲ್ಲು ಕಾಂಕ್ರೀಟಿನ ಮ್ಯಾಲೆ ಭಾಳ ನಡದವರಿಗೆ ಇದು ಇರೋದ. ಇಲ್ಲಿ ಜೆಲ್ ಖರೇ ಉಪಯೋಗಕ್ಕ ಬರ್ತೈತಿ, ಅದೂ ಪೂರಾ ಕಾಲಿಂದಲ್ಲ, ಹಿಂಬಡಕ್ಕಷ್ಟ ಬರೋ ಬಟ್ಟಲಿನಂಥದ್ದು. ಎರಡೂ ಹಿಂಬಡದ ನೋವ, ಆದ್ರ ಔಷಧ ಉಲ್ಟಾ, ಇದನ್ನ ಮೊದಲ ಯಾರರ ಹೇಳಿದ್ರ ನನ್ನ ಎರಡು ತಿಂಗಳು ಉಳೀತಿತ್ತು.

ಮುಂಗಾಲು, ಅಂದ್ರ ಬೆರಳಿನ ಬುಡದ ಗುಬ್ಬಿ ಗುಬ್ಬಿ ಜಾಗ ಉರದಂಗ ಆದ್ರ ಅದಕ್ಕ ಮೆಟಾಟಾರ್ಸಲ್ ಪ್ಯಾಡ್ ಅಂತ ಹುಣಸಿಬೀಜದ ಆಕಾರದ ದಿಬ್ಬ ಬರ್ತೈತಿ. ಅದನ್ನ ನೋಯೋ ಜಾಗದ ಕೆಳಗ ಇಡ್ಬಾರದು, ಅದರ ಹಿಂದ, ಹಿಂಬಡದ ಕಡೆ ಸರಿಸಿ ಇಡ್ಬೇಕು, ಆವಾಗ ಅದು ಎಲುಬುಗಳನ್ನ ಸ್ವಲ್ಪ ಎತ್ತಿ ಅಗಲಿಸಿ ಭಾರ ಇಳಸ್ತೈತಿ. ಮೂರನೇ ನಾಕನೇ ಬೆರಳಿನ ನಡುವ ಜುಮ್ ಅಂದು ಮರಗಟ್ಟಿದ್ರ ಹೆಚ್ಚಾಗಿ ಬೂಟು ಮುಂದ ಬಿಗಿ ಐತಿ ಅಂತ ಅರ್ಥ, ಅಂಥಲ್ಲಿ ದಪ್ಪ ಇನ್ಸೋಲ್ ಹಾಕಿದ್ರ ಇನ್ನೂ ಕೆಡ್ತೈತಿ. ಉಗುರು ಕಪ್ಪಾಗೋದು ಇನ್ಸೋಲಿನ ರೋಗ ಅಲ್ಲ, ಇಳಿಯುವಾಗ ಕಾಲು ಮುಂದ ಜಾರಿ ಗುದ್ದೋದು, ಲೇಸು ಕಟ್ಟೋದ್ರಾಗ ಇಲ್ಲಾಂದ್ರ ಸೈಜಿನಾಗ ತಪ್ಪಿರ್ತೈತಿ.

ಸಕ್ಕರಿ ಕಾಯಿಲೆ ಇದ್ದವರು, ಕಾಲಿಗೆ ಸ್ಪರ್ಶ ಕಡಿಮಿ ಆದವರು ಇದನ್ನ ಓದಿ ಗಟ್ಟಿ ಇನ್ಸೋಲ್ ತರಿಸಿಕೊಳ್ಬ್ಯಾಡ್ರಿ. ಚುಚ್ಚೋದು ಗೊತ್ತಾಗದ ಕಾಲಿಗೆ ಗಾಯ ಆಗಿ ಅದು ಮುಂದ ಎಲ್ಲಿಗೆ ಹೋಗಿ ಮುಟ್ಟತೈತಿ ಅನ್ನೋದು ನಮ್ಮ ಮನ್ಯಾಗ ನೋಡೀವಿ. ಅವರು ಮೊದಲ ಡಾಕ್ಟರಿಗೆ ತೋರಸ್ರಿ. ರಾತ್ರಿ ಮಲಗಿದಾಗೂ ನೋಯ್ತೈತಿ, ಬಾವು ಬಂದೈತಿ, ಒಂದೇ ಬಿಂದುವಿನಾಗ ಎಲುಬು ಒತ್ತಿದ್ರ ಜೀವ ಹೋದಂಗ ಆಗ್ತೈತಿ ಅಂದ್ರೂ ಅಷ್ಟ.

ಇನ್ನ ಪಾದದ ಕಮಾನು ಎಷ್ಟು ಎತ್ತರ ಅಂತ ತಿಳ್ಕೊಳ್ಳೋಕ ಎಲ್ಲಾರೂ ಹೇಳೋ ಒದ್ದಿ ಕಾಲಿನ ಪರೀಕ್ಷೆ ಐತಲ್ಲ, ಕಾಲು ಒದ್ದಿ ಮಾಡ್ಕೊಂಡು ಮನಿ ಮುಂದಿನ ಶಹಾಬಾದ್ ಫರಸಿ ಮ್ಯಾಲೆ ಹೆಜ್ಜಿ ಇಡೋದು. ಪೂರಾ ಪಾದ ಮೂಡಿದ್ರ ಚಪ್ಪಟಿ, ನಡುವ ಸಣ್ಣ ಪಟ್ಟಿಯಷ್ಟ ಮೂಡಿದ್ರ ಅಥವಾ ಏನೂ ಮೂಡದಿದ್ರ ಎತ್ತರ. ಮಾಡಿ ನೋಡ್ರಿ, ಆದ್ರ ನಿಂತಾಗ ಒಂದು ಥರ ಇರೋ ಕಮಾನು ಬ್ಯಾಗ್ ಹೊತ್ತು ನಡಿಯುವಾಗ ಇನ್ನೊಂದು ಥರ ಇರ್ತೈತಿ, ಹಂಗಾಗಿ ಒಂಟಿ ಕಾಲಿನ ಮ್ಯಾಲೆ ನಿಂತು ಮೊಣಕಾಲು ಸ್ವಲ್ಪ ಬಗ್ಗಿಸಿ ಇನ್ನೊಮ್ಮೆ ಮೂಡಸ್ರಿ. ಎರಡಕ್ಕೂ ಭಾಳ ಫರಕ್ ಬಂದ್ರ ನಿಮ್ಮ ಕಮಾನು ಭಾರಕ್ಕ ಕುಸಿಯೋ ಜಾತಿ, ಗಟ್ಟಿ ಆಸರ ನಿಮಗ ಹೆಚ್ಚು ಉಪಯೋಗ. ಎರಡರಾಗೂ ಎತ್ತರ ಉಳದ್ರ ಅಂಥ ಕಾಲು ಹೊಡತ ನುಂಗೋದು ಕಡಿಮಿ, ನಿಮಗ ಆಸರದ ಜೋಡಿ ಸ್ವಲ್ಪ ಮೆತ್ತನ್ನ ಪದರನೂ ಬೇಕು.

ಈಗ ಒಂದೊಂದ ನೋಡೂಣು

ಪ್ಯಾಟ್ಯಾಗ ನೂರು ನೂರೈವತ್ತಕ್ಕ ಸಿಗೋ ಫೋಮ್ ತುಂಡು, ಮೆಮೊರಿ ಫೋಮ್ ಅಂತ ಹೆಸರು ಹಾಕಿದ್ದು ಸೇರಿ, ಆಫೀಸ್ ಶೂಗೆ ನಡೀತಾವು. ಬೂಟಿಗೆ ಬ್ಯಾಡ. ಎರಡು ರವಿವಾರಕ್ಕ ಹಪ್ಪಳ ಆಗ್ತಾವು.

ಪೂರಾ ಕಾಲಿನ ಜೆಲ್ ಬಗ್ಗೆ ನನಗ ಸಿಟ್ಟು ಐತಿ, ಬಿಡಿಸಿ ಹೇಳ್ತೀನಿ. ಹಾಕ್ಕೊಂಡು ಅಂಗಡ್ಯಾಗ ನಾಕು ಹೆಜ್ಜಿ ಹಾಕಿದಾಗ ಸ್ವರ್ಗ. ಹತ್ತುವಾಗೂ ಗೊತ್ತಾಗಲಿಲ್ಲ. ಇಳಿಜಾರಿನಾಗ, ಮಳಿ ನಿಂತು ಕೆಂಪು ರಾಡಿ ಇನ್ನೂ ಹಸಿ ಇದ್ದಾಗ, ಬೂಟು ನೆಲಕ್ಕ ಹಿಡದು ನಿಂತ ಮ್ಯಾಲೂ ಒಳಗ ಕಾಲು ಅರ್ಧ ಇಂಚು ಹೊಳ್ಳತಿತ್ತು. ಜೆಲ್ ಅಂದ್ರ ಅದು, ಒತ್ತಿದ ಕಡೆಯಿಂದ ಸರೀತೈತಿ. ಹೊರಗಿನ ಸೋಲ್ ಎಷ್ಟು ಚಲೋ ಇದ್ದು ಏನು ಬಂತು, ಕಾಲಿಗೂ ಬೂಟಿಗೂ ನಡುವ ಒಂದು ಜಾರಬಂಡಿ ಇಟ್ಟಂಗ. ಪ್ರತಿ ಹೆಜ್ಜಿಗೂ ಬೆರಳು ಮಡಚಿ ಹಿಡಕೊಂಡು ಇಳದೆ, ಮೀನಖಂಡ ಬಿಗದು ಕಲ್ಲಾತು, ಮೀನಖಂಡ ಬಿಗದ್ರ ಹಿಂಬಡದ ನೋವು ಇನ್ನೂ ಹೆಚ್ಚು, ಯಾಕಂದ್ರ ಎರಡೂ ಅದೇ ಹಿಂಬಡದ ಎಲುಬಿಗೆ ಕಟ್ಟಿದ ಹಗ್ಗ. ಮ್ಯಾಲೆ ಅದು ಭಾರ, ಗಾಳಿ ಆಡಂಗಿಲ್ಲ, ಬೆವರಿಗೆ ಗುಳ್ಳಿ ಬರ್ತಾವು. ಹಿಂಬಡದ ಜೆಲ್ ಬಟ್ಟಲು ಬ್ಯಾರೆ ಅಂತ ಮ್ಯಾಲೆ ಹೇಳೀನಿ, ಅದಕ್ಕೂ ಒಂದು ಎಚ್ಚರ: ಅದನ್ನ ಹಳೇ ಇನ್ಸೋಲಿನ ಕೆಳಗ ಹಾಕ್ರಿ, ಎರಡೂ ಬೂಟಿಗೆ ಹಾಕ್ರಿ, ಒಂದಕ್ಕ ಹಾಕಿದ್ರ ಒಂದು ಕಾಲು ಎತ್ತರ ಆಗಿ ಸೊಂಟ ಹಿಡೀತೈತಿ.

ಪಿಯು, ಅಂದ್ರ ಪಾಲಿಯುರೆಥೇನ್ ಫೋಮಿನವು ಈವಿಎಗಿಂತ ಸ್ವಲ್ಪ ಭಾರ, ಆದ್ರ ಕುಸಿಯೋದು ನಿಧಾನ. ಅದರಾಗ ತೂತು ತೂತಿನ ಸ್ಪಂಜಿನಂಥದ್ದು ಗಾಳಿ ಆಡಸ್ತೈತಿ, ಬೆವರು ಲಗೂನ ಆರ್ತೈತಿ. ನೋವು ಅಂಥ ಏನಿಲ್ಲ, ಸಂಜಿಗೆ ಕಾಲು ದಣೀತೈತಿ ಅಷ್ಟ, ಹಳೇ ತುಂಡು ಸತ್ತೈತಿ ಅನ್ನೋರಿಗೆ ಇದು ಸಾಕು, ಇದಕ್ಕಿಂತ ಹೆಚ್ಚು ರೊಕ್ಕ ಹಾಕ್ಬ್ಯಾಡ್ರಿ.

ಇನ್ನ ಗಟ್ಟಿ ಆರ್ಚಿನವು, ಅಂದ್ರ ಕಮಾನಿಗೆ ಗಟ್ಟಿ ಆಸರ ಕೊಡೋವು. ಮ್ಯಾಲೆ ತೆಳ್ಳಗ ಫೋಮು, ಕೆಳಗ ಹಿಂಬಡದಿಂದ ಕಮಾನಿನ ತನಕ ಪ್ಲಾಸ್ಟಿಕ್ ಟೊಪ್ಪಿಗಿ. ಅಮೆರಿಕದ ಸೂಪರ್‌ಫೀಟ್ ಇದರಾಗ ಭಾಳ ಹೆಸರಾದದ್ದು, ಅದರ ಹಸಿರು ಬಣ್ಣದ್ದು ಎತ್ತರ ಕಮಾನಿಗೆ, ದಪ್ಪ, ನೀಲಿದು ನಡಸ್ತ, ಕಪ್ಪುದು ತೆಳ್ಳಗ, ಚಪ್ಪಟಿ ಕಾಲಿಗೆ. ಜರ್ಮನಿಯ ಕರೆಕ್ಸ್‌ನವರು ತಗ್ಗು, ಮಧ್ಯಮ, ಎತ್ತರ ಅಂತ ಮೂರು ಕಮಾನಿಗೆ ಮೂರು ಮಾಡ್ತಾರ, ಅದು ಇಷ್ಟು ಗಟ್ಟಿ ಅಲ್ಲ, ಸ್ವಲ್ಪ ಬಾಗ್ತೈತಿ. ಇವೆಲ್ಲಾ ಹೊರದೇಶದಿಂದ ಬರೋವು, ತುಟ್ಟಿ, ಒಂದು ಸಾದಾ ಬೂಟಿನ ಕಿಮ್ಮತ್ತು ಒಂದು ಜೋಡಿ ಇನ್ಸೋಲಿಗೆ. ಇದೇ ಆಕಾರದ್ದು ನಮ್ಮ ದೇಶದಾಗ ಮಾಡಿದ್ದೂ ಸಿಗ್ತಾವು, ಏಳುನೂರು ಎಂಟುನೂರರಿಂದ ಶುರು, ನಾ ಈಗ ಹಾಕಿದ್ದೂ ಅಂಥದ್ದ. ಹೆಸರಿಗಿಂತ ಮೂರು ಪರೀಕ್ಷೆ ಮಾಡ್ರಿ: ಹಿಂಬಡ ಮತ್ತ ಮುಂಗಾಲು ಎರಡು ಕಡೆ ಹಿಡದು ಒದ್ದಿ ಬಟ್ಟಿ ಹಿಂಡಿದಂಗ ತಿರುವಿದ್ರ ನಡುವ ಸುಲಭ ತಿರುವಬಾರದು. ಟೇಬಲ್ ಮ್ಯಾಲೆ ಇಟ್ಟು ಕಮಾನಿನ ಮ್ಯಾಲೆ ಹೆಬ್ಬೆಟ್ಟು ಜೋರಾಗಿ ಒತ್ತಿದ್ರ ಸ್ವಲ್ಪ ಇಳದು ನಿಲ್ಲಬೇಕು, ಪೂರಾ ನೆಲ ಮುಟ್ಟಿದ್ರ ಅದು ಬರೇ ಆಕಾರ, ಆಸರ ಅಲ್ಲ. ಮೂರನೇದು ಎಲ್ಲಾರೂ ಮರಿಯೋದು, ಕಮಾನಿನ ಎತ್ತರದ ಬಿಂದು ನಿಮ್ಮ ಕಾಲಿನ ಎತ್ತರದ ಬಿಂದುವಿಗೆ ಕೂಡಬೇಕು. ಬೂಟಿನ ಸೈಜ್ ನೋಡಿ ತಗೋತಾರ, ಆದ್ರ ಸೈಜ್ ಅಂದ್ರ ಹಿಂಬಡದಿಂದ ಬೆರಳಿನ ತುದಿ ತನಕ, ಕಮಾನು ಕೂಡೋದು ಹಿಂಬಡದಿಂದ ಹೆಬ್ಬೆರಳಿನ ಬುಡದ ಗುಬ್ಬಿ ತನಕ ಇರೋ ಅಳತಿ ಮ್ಯಾಲೆ. ಬೆರಳು ಉದ್ದ ಇದ್ದವರಿಗೆ ಇದರಾಗನ ತಪ್ಪತೈತಿ, ದಿಬ್ಬ ಮುಂದ ಹೋಗಿ ಮುಂಗಾಲಿನ ಹಿಂದ ಒತ್ತತೈತಿ, ಆವಾಗ ಇನ್ಸೋಲ್ ಚಲೋ ಇಲ್ಲ ಅಂತ ಒಗೀತಾರ.

ಕಾರ್ಕಿಂದು ಒಂದು ಜಾತಿ ಐತಿ, ಕೆನಡಾದ ಸೋಲ್ ಅನ್ನೋ ಕಂಪನಿದು ಹೆಸರಾದದ್ದು. ಓವನ್ನಿನಾಗ ಎರಡು ನಿಮಿಷ ಬಿಸಿ ಮಾಡಿ ಬೂಟಿಗೆ ಹಾಕಿ ಮ್ಯಾಲೆ ನಿಂತ್ರ ನಿಮ್ಮ ಕಾಲಿನ ಆಕಾರ ತಗೋತೈತಿ. ಓವನ್ ಇಲ್ಲದವರು ಹಂಗ ಹಾಕ್ಕೊಂಡು ನಡದ್ರೂ ನಿಧಾನಕ್ಕ ಕೂಡ್ತೈತಿ. ಇದು ಓದಿದಾಗ ನನಗ ನಮ್ಮ ಕಡಿ ಚಪ್ಪಲಿ ನೆನಪಾತು. ಕೊಲ್ಹಾಪುರಿ ಅಂತ ಹೆಸರು ಆದ್ರ ಅಥಣಿ ನಿಪ್ಪಾಣಿ ಕಡೆ ತಲಿತಲಾಂತರದಿಂದ ಮಾಡ್ಕೊಂಡು ಬಂದಾರ, 2019 ರಾಗ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಕು ಜಿಲ್ಲೆ ಜೋಡಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟಿ, ವಿಜಯಪುರ ನಾಕೂ ಸೇರಿದ್ವು. ಹೊಸದು ಕಚ್ಚತೈತಿ, ಎಣ್ಣಿ ಹಚ್ಚಿ ಮೆಟ್ಟಿದಂಗ ಮೆಟ್ಟಿದಂಗ ಚರ್ಮ ಅಂಗಾಲಿನ ಅಚ್ಚು ತಗೋತೈತಿ, ಆಮ್ಯಾಲೆ ಇನ್ನೊಬ್ಬರ ಕಾಲಿಗೆ ಆಗಂಗಿಲ್ಲ. ಕಾರ್ಕಿನ ಕೆಲಸನೂ ಅದ. ಆದ್ರ ಅಚ್ಚು ಬೀಳೋದಂದ್ರ ನೀವು ಹೆಂಗ ಮೆಟ್ಟತೀರಿ ಹಂಗ ಬೀಳೋದು, ಚಪ್ಪಲಿಗೆ ಕಮಾನಿನ ಆಸರ ಇಲ್ಲ, ಹಂಗಾಗಿ ಹಿಂಬಡದ ನೋವು ಶುರು ಆದವರು ಅದರ ಮ್ಯಾಲೆ ಇಡೀ ದಿನ ಊರು ತಿರುಗೋದು ಸ್ವಲ್ಪ ದಿನ ಬಿಡಬೇಕು. ನನಗ ಬಿಡೋದು ಕಷ್ಟ ಆತು, ಆದ್ರ ಬಿಟ್ಟೆ.

ಎಂಸಿಆರ್ ಬಗ್ಗೆ ಮಾತಾಡ್ಲೇಬೇಕು, ಇದು ನಮ್ಮಲ್ಲಿ ಎಲ್ಲಾ ಕಡೆ ಸಿಗೋದು, ಸಸ್ತಾ, ಮತ್ತ ಖರೇ ಚಲೋ ಮಾಲು. ಮೈಕ್ರೋ ಸೆಲ್ಯುಲರ್ ರಬ್ಬರ್. ಸಕ್ಕರಿ ಕಾಯಿಲೆಯವರಿಗೆ, ಹಿಂಬಡ ನೋವಿನವರಿಗೆ ದವಾಖಾನ್ಯಾಗ ಬರದು ಕೊಡೋ ಚಪ್ಪಲಿ ಇದರದ್ದ. ಶೀಟ್ ತಂದು ನಿಮ್ಮ ಹಳೇ ಇನ್ಸೋಲ್ ಅಳತಿಗೆ ಕತ್ತರಿಸಿ ಕೊಡೋ ಚಮ್ಮಾರರು ಬೆಳಗಾವ್ಯಾಗೂ ಅದಾರ, ಬಾಗಲಕೋಟ್ಯಾಗೂ ಅದಾರ. ಒತ್ತಡ ಹರವಿ ಹಾಕೋದ್ರಾಗ ಇದು ಜೆಲ್ಲಿಗಿಂತ ಮ್ಯಾಲೆ, ಜಾರಂಗಿಲ್ಲ, ಆದ್ರ ಚಪ್ಪಟಿ. ಅದಕ್ಕ ನಾ ಕಂಡ ಚಲೋ ಉಪಾಯ ಅಂದ್ರ ತೆಳ್ಳಗಿನ ಎಂಸಿಆರ್ ತುಂಡನ್ನ ಹಿಂಬಡಕ್ಕಷ್ಟ ಕತ್ತರಿಸಿ ಅಂಚು ಇಳಿಜಾರು ಮಾಡಿ ಗಟ್ಟಿ ಇನ್ಸೋಲಿನ ಮ್ಯಾಲೆ ಅಂಟಿಸೋದು, ಆಸರನೂ ಬಂತು, ಹಿಂಬಡಕ್ಕ ಹಿತಾನೂ ಬಂತು. ಅಪ್ಪನ ವಾಕಿಂಗ್ ಶೂಗೆ ಡಾಕ್ಟರನ್ನ ಕೇಳಿ ಎಂಸಿಆರ್ ಹಾಕ್ಸೀನಿ, ವ್ಯಾಕ್ಸಿನ್ ಡಿಪೋ ಮೈದಾನದಾಗ ಒಂದು ಸುತ್ತಿಗೆ ಕುಂದರತಿದ್ದವರು ಈಗ ಮೂರು ಸುತ್ತು ಹಾಕ್ತಾರ.

ಕಡೀಕ ಅಳತಿ ತಗೊಂಡು ಮಾಡಿಸೋ ಕಸ್ಟಮ್ ಆರ್ಥೋಟಿಕ್. ಕಾಲಿನ ಆಕಾರದಾಗ ದೋಷ ಇದ್ದವರಿಗೆ, ಎರಡು ಕಾಲಿನ ಉದ್ದ ಬ್ಯಾರೆ ಇದ್ದವರಿಗೆ, ಡಾಕ್ಟರು ಹೇಳಿದವರಿಗೆ ಬೇಕು. ಬರೇ ಹಿಂಬಡದ ನೋವಿಗೆ ಮೊದಲನೇ ಹೆಜ್ಜಿ ಇದಲ್ಲ. 2006 ರಾಗ ಆಸ್ಟ್ರೇಲಿಯಾದ ಒಂದು ಅಧ್ಯಯನದಾಗ ಪ್ಲಾಂಟರ್ ಫೇಶಿಯಾ ನೋವಿನವರಿಗೆ ಕೆಲವರಿಗೆ ಕಸ್ಟಮ್, ಕೆಲವರಿಗೆ ರೆಡಿಮೇಡ್, ಕೆಲವರಿಗೆ ಹೆಸರಿಗಷ್ಟ ಮೆತ್ತಗಿನ ತುಂಡು ಕೊಟ್ಟು ಹನ್ನೆರಡು ತಿಂಗಳು ನೋಡಿದ್ರು, ಮೊದಲ ಮೂರು ತಿಂಗಳಿಗೆ ಆಸರ ಇದ್ದ ಎರಡಕ್ಕೂ ಸ್ವಲ್ಪ ಗುಣ ಹೆಚ್ಚು ಕಂಡಿತು, ಕಸ್ಟಮ್‌ಗೂ ರೆಡಿಮೇಡ್‌ಗೂ ಹೇಳಿಕೊಳ್ಳೋ ಫರಕ್ ಇರಲಿಲ್ಲ, ವರ್ಷದ ಕಡೀಕ ಮೂರೂ ಗುಂಪು ಹತ್ತಿರ ಹತ್ತಿರ ಒಂದ. ಇದರ ಅರ್ಥ ಇನ್ಸೋಲ್ ವ್ಯರ್ಥ ಅಂತ ಅಲ್ಲ, ಆ ಮೊದಲ ತಿಂಗಳುಗಳನ್ನ ಅದು ದಾಟಸ್ತೈತಿ, ಉಳಿದದ್ದು ಮೀನಖಂಡದ ಸ್ಟ್ರೆಚಿಂಗು, ವಿಶ್ರಾಂತಿ ಮಾಡಬೇಕು. ನಾ ದಿನಾ ಮುಂಜಾನೆ ಹಾಸಿಗಿ ಬಿಡೋಕಿಂತ ಮೊದಲ ಕಾಲಿನ ಬೆರಳು ಕೈಯಿಂದ ಹಿಡದು ಮೈಕಡೆ ಎಳದು ಹತ್ತು ಎಣಸ್ತೀನಿ, ಹತ್ತು ಸಲ. ಮೊದಲ ಹೆಜ್ಜಿ ಹಗುರ ಆಗಿದ್ದು ಇದರಿಂದ ಎಷ್ಟೋ.

ಬೂಟಿನಾಗ ಜಾಗ ಎಷ್ಟೈತಿ?

ಇದನ್ನ ನೋಡದ ಇನ್ಸೋಲ್ ತಗೊಂಡವರ ಮನ್ಯಾಗ ಬೇಕಾದಷ್ಟು ಹೊಸ ಇನ್ಸೋಲ್ ಬಿದ್ದಿರ್ತಾವು. ಬೂಟಿನೊಳಗಿನ ಜಾಗ ಅಷ್ಟ ಇರ್ತೈತಿ, 4 ಮಿಲಿಮೀಟರ್ ತಗದು 8 ಹಾಕಿದ್ರ ಕಾಲು ಅಷ್ಟು ಮ್ಯಾಲೆ ಬರ್ತೈತಿ. ಹಿಂಬಡ ಮ್ಯಾಲೆ ಬಂದ್ರ ಬೂಟಿನ ಹಿಂದಿನ ಹಿಡತದಿಂದ ಜಾರಿ ಉಜ್ಜಿ ಗುಳ್ಳಿ, ಮುಂದ ಬೆರಳಿನ ಮ್ಯಾಲೆ ಒತ್ತಿ ಮರಗಟ್ಟೋದು, ಮ್ಯಾಲೆ ಲೇಸು ಕಾಲಿನ ಬೆನ್ನಿಗೆ ಕೊರಿಯೋದು. ಹಳೇದನ್ನ ತಗದ ಹೊಸದು ಹಾಕ್ರಿ, ಒಂದರ ಮ್ಯಾಲೆ ಒಂದು ಹಾಕೋದು ಪೂರಾ ತಪ್ಪು. ಟ್ರೆಕ್ಕಿಂಗಿಗೆ ಹಾಕೋ ದಪ್ಪ ಸಾಕ್ಸ್ ಹಾಕ್ಕೊಂಡ ನೋಡ್ರಿ, ಸಂಜಿ ಹೊತ್ತು ನೋಡ್ರಿ, ದಿನ ಪೂರಾ ನಡದ ಮ್ಯಾಲೆ ಕಾಲು ಸ್ವಲ್ಪ ಉಬ್ಬಿರ್ತೈತಿ, ಮುಂಜಾನೆ ಸರಿ ಅನಸಿದ್ದು ಜಾಂಬೋಟ್ಯಾಗ ಮಧ್ಯಾಹ್ನ ಮೂರಕ್ಕ ಬಿಗಿ ಆಗ್ತೈತಿ. ಇನ್ಸೋಲ್ ನೆಲಕ್ಕ ಇಟ್ಟು ಅದರ ಮ್ಯಾಲೆ ನಿಂತ್ರ ಉದ್ದನೇ ಬೆರಳಿನ ಮುಂದ ಒಂದು ಬೆರಳಗಲ ಉಳೀಬೇಕು. ಉಳೀಲಿಲ್ಲಾಂದ್ರ ಯಾವ ಇನ್ಸೋಲೂ ಬ್ಯಾಡ, ಬೂಟ ಬದಲಿ ಮಾಡ್ರಿ.

ಹೊಸ ಬೂಟ ತಗೋಳಾಕ ಹೋಗೋರಿಗೆ ಒಂದು ಮಾತು, ಇನ್ಸೋಲ್ ಮೊದಲ ತಗೊಂಡು ಅದನ್ನ ಕೈಯಾಗ ಹಿಡಕೊಂಡ ಬೂಟಿನ ಅಂಗಡಿಗೆ ಹೋಗ್ರಿ.

ನೆಲನೂ ಲೆಕ್ಕಕ್ಕ ಬರ್ತೈತಿ

ಬಾದಾಮ್ಯಾಗ ಕೆಂಪು ಮರಳುಗಲ್ಲು, ಗುಹಿ ಮೆಟ್ಟಲು, ಕೋಟಿ ಮ್ಯಾಲಿನ ಎತ್ತರ ಎತ್ತರದ ಮೆಟ್ಟಲು, ಅಲ್ಲಿಂದ ಗುಡ್ಡ ದಾಟಿ ಮಹಾಕೂಟಕ್ಕ ಹೋಗೋ ಹಳೇ ಕಾಲುದಾರಿ, ಎಲ್ಲಾ ಗಟ್ಟಿ ಕಲ್ಲು, ಒಂಚೂರೂ ಕೊಡಂಗಿಲ್ಲ. ಇಳಿಯುವಾಗ ಹಿಂಬಡಕ್ಕ ಬೀಳೋ ಹೊಡತ ತಲಿ ತನಕ ಗೊತ್ತಾಗ್ತೈತಿ. ಅಲ್ಲಿಗೆ ಗಟ್ಟಿ ಆಸರದ ಮ್ಯಾಲೆ ಹಿಂಬಡದ ಕಡೆ ಸ್ವಲ್ಪ ಮೆತ್ತನ್ನ ಪದರ ಇರಲೇಬೇಕು, ಬರೇ ಪ್ಲಾಸ್ಟಿಕ್ ಗಟ್ಟಿದು ಸಾಲಂಗಿಲ್ಲ. ಜಾಂಬೋಟಿ, ಚೋರ್ಲಾ, ಭೀಮಗಡದ ಕಡೆ ಉಲ್ಟಾ, ನೆಲ ಮೆತ್ತಗ, ಎಲಿ ಬಿದ್ದಿರ್ತಾವು, ಬೇರು, ಜಂಬಿಟ್ಟಿಗಿ ಕಲ್ಲಿನ ಚೂರು, ಕಾಲು ಹೊಳ್ಳೋದು ಹೆಚ್ಚು, ಅಲ್ಲಿ ಮೆತ್ತಗಿಂದು ಕಡಿಮಿ ಇದ್ರೂ ನಡೀತೈತಿ, ಹಿಂಬಡದ ಬಟ್ಟಲು ಆಳ ಇರ್ಬೇಕು. (ಭೀಮಗಡ ವನ್ಯಜೀವಿಧಾಮದೊಳಗ ಹೋಗಾಕ ಅರಣ್ಯ ಇಲಾಖೆ ಪರವಾನಗಿ ಬೇಕು, ಬರೇ ಬೂಟ ಸರಿ ಇದ್ರ ಸಾಲಂಗಿಲ್ಲ.)

ಮಳಿಗಾಲದ್ದು ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್ ತನಕ ಖಾನಾಪುರ ಕಡೆ ಹೋದ್ರ ವಾಟರ್‌ಪ್ರೂಫ್ ಬೂಟಿನೊಳಗೂ ಹಳ್ಳ ದಾಟುವಾಗ ನೀರು ಹೋಗೋದು ಗ್ಯಾರಂಟಿ. ಮ್ಯಾಲೆ ಚರ್ಮ ಇದ್ದ ಇನ್ಸೋಲ್ ತೊಯ್ದ್ರ ಗಡಸಾಗಿ ಸೀಳ್ತೈತಿ. ಫೋಮ್ ಮ್ಯಾಲೆ ತೆಳ್ಳಗ ಸಿಂಥೆಟಿಕ್ ಬಟ್ಟಿ ಇದ್ದದ್ದು ಮಳಿಗೆ ಚಲೋ. ಮನಿಗೆ ಬಂದ ಕೂಡಲೇ ಇನ್ಸೋಲ್ ತಗದು ಗೋಡಿಗೆ ಆನಿಸಿ ಫ್ಯಾನ್ ಕೆಳಗ ನಿಲ್ಲಸ್ರಿ. ಬಿಸಿಲಿಗೆ, ಒಲಿ ಹತ್ತಿರ ಬ್ಯಾಡ, ಅಂಟು ಬಿಡ್ತೈತಿ, ಪ್ಲಾಸ್ಟಿಕ್ ಸೊಟ್ಟ ಆಗ್ತೈತಿ.

ಪಾದಯಾತ್ರಿಯವರದ್ದು ಬ್ಯಾರೆ ಲೆಕ್ಕ. ಯುಗಾದಿ ಮುಂದ ನಮ್ಮ ಕಡೆಯಿಂದ ಶ್ರೀಶೈಲಕ್ಕ ನೂರಾರು ಕಿಲೋಮೀಟರ್ ನಡದು ಹೋಗ್ತಾರ, ಪಂಢರಪುರಕ್ಕ ಹೋಗೋರೂ ಅದಾರ. ಅದು ಡಾಂಬರು, ಸಪಾಟು, ಬಿಸಿಲು, ಒಂದ ಥರದ ಹೆಜ್ಜಿ ಲಕ್ಷಗಟ್ಟಲೆ. ಅಂಥಲ್ಲಿ ಟ್ರೆಕ್ಕಿಂಗ್ ಬೂಟ ಭಾರ, ಅದರಾಗಿನ ಗಟ್ಟಿ ಇನ್ಸೋಲ್ ಇನ್ನೂ ಭಾರ. ಅಗಲ ಮುಂಭಾಗದ ಹಗುರ ಶೂ, ಒಳಗ ಪಿಯು ಅಥವಾ ಎಂಸಿಆರ್, ಸೈಜ್ ಒಂದು ದೊಡ್ಡದು. ಮತ್ತ ಹೊರಡೋ ದಿನ ಹೊಸದು ಹಾಕ್ಬ್ಯಾಡ್ರಿ, ಕನಿಷ್ಠ ಮೂರು ವಾರ ಮೊದಲ ಹಾಕ್ಕೊಂಡು ದಿನಾ ನಡೀರಿ.

ಕತ್ತರಿ ಹಾಕೋದು, ಕಾಲಿಗೆ ಹೊಂದಸೋದು

ಹೆಚ್ಚಿನವು ಒಂದು ಸೈಜ್ ದೊಡ್ಡವು ಬರ್ತಾವು, ಮುಂದ ಕತ್ತರಿಸಬೇಕು. ಆನ್‌ಲೈನ್ ತರಿಸಿದವರು ಕತ್ತರಿ ಹಾಕೋಕಿಂತ ಮೊದಲ ಬರಿಗಾಲಿಂದ ಮನ್ಯಾಗ ಅದರ ಮ್ಯಾಲೆ ನಿಂತು ಹತ್ತು ನಿಮಿಷ ಕಮಾನು ಹೆಂಗ ಕೂಡ್ತೈತಿ ನೋಡ್ರಿ, ಕತ್ತರಿಸಿದ ಮ್ಯಾಲೆ ಯಾರೂ ವಾಪಸ್ ತಗೊಳ್ಳಂಗಿಲ್ಲ. ಹಳೇದನ್ನ ಹೊಸದರ ಮ್ಯಾಲೆ ಇಟ್ಟು, ಹಿಂಬಡದ ಅಂಚು ಬರೋಬ್ಬರಿ ಕೂಡಿಸಿ (ಬೆರಳಿನ ಕಡೆ ಕೂಡಿಸಬಾರದು, ಕಮಾನು ಸರೀತೈತಿ), ಪೆನ್ನಿನಿಂದ ಮುಂದಿನ ಅಂಚು ಎಳದು, ಗೆರಿ ಹೊರಗ 2 ಮಿಲಿಮೀಟರ್ ಬಿಟ್ಟು ಕತ್ತರಸ್ರಿ, ಬೂಟಿಗೆ ಹಾಕಿ ನೋಡ್ರಿ, ಮುಂದ ಮಡಚಿದ್ರ ಇನ್ನೊಂದು ಕೂದಲೆಳಿ ತಗೀರಿ. ಹೆಚ್ಚು ಕತ್ತರಿಸಿದ್ರ ಮುಂದ ಸಂದು ಉಳದು ಅಂಚು ಬೆರಳಿನ ಕೆಳಗ ಗೆರಿ ಎಬ್ಬಿಸ್ತೈತಿ, ಹದಿನಾಲ್ಕು ಕಿಲೋಮೀಟರ್ ಆದ ಮ್ಯಾಲೆ ಆ ಗೆರಿ ಬಾಕುವಿನಂಗ. ಪ್ಲಾಸ್ಟಿಕ್ ಭಾಗಕ್ಕ ಕತ್ತರಿ ಮುಟ್ಟಿಸ್ಬ್ಯಾಡ್ರಿ.

ಗಟ್ಟಿದು ಮೊದಲ ದಿನ ಕಾಲಿನ ಕೆಳಗ ನಿಂಬೆಹಣ್ಣು ಇಟ್ಟಂಗ ಅನಸ್ತೈತಿ. ಮೊದಲ ದಿನ ಒಂದು ತಾಸು, ಮರುದಿನ ಎರಡು, ಹಿಂಗ ಎರಡು ವಾರ ಮನ್ಯಾಗ, ಪ್ಯಾಟಿಗೆ ಹೋಗುವಾಗ ಹಾಕ್ಕೊಂಡು ಆಮ್ಯಾಲೆ ಗುಡ್ಡಕ್ಕ. ನಿಂಬೆಹಣ್ಣಿನ ಭಾವನೆ ದಿನಕ್ಕ ದಿನಕ್ಕ ಕರಗಬೇಕು. ಎರಡು ವಾರ ಆದ ಮ್ಯಾಲೂ ಅದೇ ಜಾಗಕ್ಕ ಚುಚ್ಚಿದ್ರ, ಕಮಾನಿನ ಚರ್ಮ ಕೆಂಪಾದ್ರ ಅದು ನಿಮ್ಮ ಕಾಲಿಂದಲ್ಲ, ಒಂದು ಮಟ್ಟ ತಗ್ಗಿಂದು ನೋಡ್ರಿ, ಸಹಿಸಿಕೊಂಡು ನಡಿಯೋದು ಬ್ಯಾಡ.

ಲೇಸಿನ ಮಾತು ಇಲ್ಲೇ ಹೇಳ್ತೀನಿ, ಹೊಸ ಇನ್ಸೋಲ್ ಹಾಕಿದ ಮ್ಯಾಲೆ ಹಳೇ ಅಂದಾಜಿನಾಗ ಕಟ್ಟಬ್ಯಾಡ್ರಿ. ಬೂಟ ಹಾಕ್ಕೊಂಡು ಹಿಂಬಡ ನೆಲಕ್ಕ ಎರಡು ಸಲ ಕುಟ್ಟಿ ಹಿಂದ ಕೂಡಿಸಿ, ಮುಂದ ಸಡ್ಲ, ಕಾಲು ಮಣಿಯೋ ಜಾಗದಾಗ ಒಂದು ಗಂಟು ಹಾಕಿ ಬಿಗಿ, ಅದರ ಮ್ಯಾಲೆ ನಡಸ್ತ. ಇಳಿಯೋಕಿಂತ ಮೊದಲ ನಿಂತು ಇನ್ನೊಮ್ಮೆ ಬಿಗೀರಿ. ಉಗುರು ಉಳೀತಾವು.

ನನ್ನನ್ನ ಯಾರರ ಏನು ತಗೊಳ್ಳಿ ಅಂತ ಕೇಳಿದ್ರ ಹಿಂಗ ಹೇಳ್ತೀನಿ: ಮುಂಜಾನೆ ಮೊದಲ ಹೆಜ್ಜಿ ನೋವಿನವರು ಏಳುನೂರು ಎಂಟುನೂರಿನ ಗಟ್ಟಿ ಆರ್ಚಿನದ್ದು ಮೊದಲ ಹಾಕಿ ಒಂದೂವರಿ ತಿಂಗಳು ನೋಡ್ರಿ, ಗುಣ ಕಂಡ್ರ ಮುಂದ ಬೇಕಾದ್ರ ತುಟ್ಟಿದಕ್ಕ ಹೋಗ್ರಿ, ಅದು ಹೆಚ್ಚು ದಿನ ಬಾಳತೈತಿ. ಐವತ್ತು ದಾಟಿ ಹಿಂಬಡದ ನಡುವ ನೋಯೋರು ಪಿಯು ಇನ್ಸೋಲ್ ಹಾಕಿ ಕೆಳಗ ಹಿಂಬಡದ ಜೆಲ್ ಬಟ್ಟಲು. ಬೂಟ ಮೊದಲ ಬಿಗಿ ಇದ್ದವರು ತೆಳ್ಳಗಿನ ತಗ್ಗು ಕಮಾನಿಂದು, ಬ್ಯಾರೇ ಏನೂ ಬ್ಯಾಡ. ತಿಂಗಳಿಗೊಮ್ಮೆ ಗುಡ್ಡಕ್ಕ ಹೋಗೋ, ನೋವು ಇಲ್ಲದ ಹುಡುಗರು ಈ ರೊಕ್ಕದಾಗ ಎರಡು ಜೋಡಿ ಚಲೋ ಸಾಕ್ಸ್ ತಗೋರಿ.

ಎಷ್ಟು ದಿನ ಬರ್ತೈತಿ ಅಂದ್ರ, ಸೂಪರ್‌ಫೀಟ್‌ನವರು ಹನ್ನೆರಡು ತಿಂಗಳು ಇಲ್ಲಾ 500 ಮೈಲಿ ಅಂತ ಹೇಳ್ತಾರ, ಅಂದ್ರ 800 ಕಿಲೋಮೀಟರ್, ಯಾವುದು ಮೊದಲ ಬರ್ತೈತಿ ಅದು. ಗಟ್ಟಿದರಾಗ ಪ್ಲಾಸ್ಟಿಕ್ ಹಂಗ ಇರ್ತೈತಿ, ಮ್ಯಾಲಿನ ಫೋಮು ಸಾಯ್ತೈತಿ, ಹಂಗಾಗಿ ಕಣ್ಣಿಗೆ ಗೊತ್ತಾಗಂಗಿಲ್ಲ. ನಾ ಹೊಸದು ಹಾಕುವಾಗ ಅದರ ಬೆನ್ನಿಗೆ ಮಾರ್ಕರ್‌ನಿಂದ ತಿಂಗಳು ವರ್ಷ ಬರೀತೀನಿ, ಮಳಿಗಾಲ ಮುಗದ ಮ್ಯಾಲೆ ಒಮ್ಮೆ, ಬೇಸಿಗಿ ಮುಂದ ಒಮ್ಮೆ ಹೊರಗ ಎಳದು ಟೇಬಲ್ ಮ್ಯಾಲೆ ಇಟ್ಟು ಹಿಂಬಡದ ಜಾಗಕ್ಕ ಹೆಬ್ಬೆಟ್ಟು ಒತ್ತಿ ನೋಡ್ತೀನಿ. ಮೊನ್ನೆ ನೋಡಿದಾಗ ಇನ್ನೂ ಕಟಿಗಿ ಹತ್ತಲಿಲ್ಲ.